ವಿಭೂತಿ ತುಂಬಿದ ಕಂಪ್ಯೂಟರ್

ಕಪಿಲೆಯ ಮೇಲಾಣೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ನನ್ನ ಹೆಸರು ಕೇಳಿದರೆ ಸಾಕು, ನಂಜನಗೂಡು ಸೀಮೆಯ ಹಳೇ ಕಂಪ್ಯೂಟರ್‌ಗಳು ತಾವಾಗಿಯೇ ಆನ್ ಆಗುತ್ತವೆ. ಕಳಲೆಯ ಜಯಮ್ಮನವರದು ಮಾತ್ರ ಬರೀ ಬೀಪ್ ಬೀಪ್ ಎನ್ನುತ್ತಿತ್ತು.

"ತೀರ್ಕೊಂಡ ಯಜಮಾನ್ರ ದನಿ ಇದೊಂದ್ರಲ್ಲೇ ಐತೆ, ಸಾ" ಅಂದರು.

ಬಿಚ್ಚಿ ನೋಡಿದರೆ ಆಯುಧಪೂಜೆಯ ವಿಭೂತಿ ಒಳಗೆಲ್ಲ ತುಂಬಿದೆ.

"ಒಳಗ್ಯಾಕಮ್ಮ ಹಾಕಿದ್ರಿ?"

"ಕೆಲ್ಸ ಮಾಡೋದು ಒಳಗಡೇನೇ ಅಲ್ವಾ ಸಾ?"

ವಿಭೂತಿಯನ್ನೆಲ್ಲ ಬ್ರಷ್‌ನಿಂದ ಗುಡಿಸಿ ತೆಗೆದೆ. ರ್‍ಯಾಮ್ ಎನ್ನುವ ನೆನಪಿನ ಪಟ್ಟಿ ಕಿತ್ತು, ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಕೂರಿಸಿದೆ. ಕಂಪ್ಯೂಟರ್ ಆನ್ ಆಯಿತು. ಅವರು ತೋರಿಸಿದ ವಿಡಿಯೊ ಹಾಕಿದೆ.

"ಎಲ್ಲೋದ್ಯಮ್ಮೀ, ಕಾಪಿ ತತ್ತಾ" ಎಂದಿತು ಯಜಮಾನರ ದನಿ.

ಜಯಮ್ಮ ಎದ್ದು ಅಡುಗೆಮನೆಗೆ ಹೋದರು. ಎರಡು ಲೋಟ ಕಾಫಿ ತಂದು, ಒಂದನ್ನು ಕಂಪ್ಯೂಟರ್ ಮುಂದಿಟ್ಟು, ಇನ್ನೊಂದನ್ನು ನನಗೆ ಕೊಟ್ಟರು.

ಆ ಇನ್ನೊಂದು ಲೋಟ ಮಾತ್ರ ನಾನು ಕತೆಗೆ ಸೇರಿಸಿದ್ದು. ಅವರು ತಂದದ್ದು ಒಂದೇ.