ದನಿ ಕೆಟ್ಟ ರೂಪಾಯಿ

ಮದುವೆಯಾಗಿ ನಾನು ಬಿ.ಜಿ. ಕೆರೆ ಹತ್ತಿರದ ಹಟ್ಟಿಗೆ ಬಂದಾಗ ನನ್ನ ಅತ್ತೆಗೆ ಆಗಲೇ ಕಣ್ಣು ಪೂರ್ತಿ ಹೋಗಿತ್ತು. ರೊಪ್ಪದಲ್ಲಿ ಕೆಮ್ಮಿದ್ದು ಯಾವ ಕುರಿ ಅಂತ ಕೂತಲ್ಲಿಂದಲೇ ಹೇಳುತ್ತಿದ್ದರು. ಊಹೆ ಇರಬೇಕು ಅಂದುಕೊಂಡಿದ್ದೆ. ತೊಂಬತ್ತರ ದಶಕದ ಕೊನೆಗೆ ನಾದಿನಿಯ ಮದುವೆ ಮಾತಾದ ದಿನ ಆ ಕಿವಿ ಎಂಥದ್ದು ಅಂತ ಗೊತ್ತಾಯಿತು.

ಗಂಡಿನವರು ಮೊಳಕಾಲ್ಮುರಿನಿಂದಾಚೆ, ಆಂಧ್ರದ ಗಡಿಯವರು. ನಮ್ಮಲ್ಲಿ ಗಂಡಿನ ಕಡೆಯವರು ಹೆಣ್ಣಿಗೆ ತೆರ ಕೊಡಬೇಕು. ಆ ಹೊತ್ತಿಗೆ ಅದು ಶಾಸ್ತ್ರಕ್ಕಷ್ಟೇ ಉಳಿದಿತ್ತು. ಹಳೆಯ ಬೆಳ್ಳಿ ರೂಪಾಯಿಗಳನ್ನು ಎಲೆ ಅಡಿಕೆಯ ಜೊತೆ ಹೆಣ್ಣಿನ ತಾಯಿಯ ಮಡಿಲಿಗೆ ಹಾಕಿದರೆ ಮುಗಿಯಿತು. ಗಂಡಿನ ತಾತ ಹಾಕಿದರು. ಅತ್ತೆ ಒಂದೊಂದನ್ನೇ ಬೆರಳ ತುದಿಯಲ್ಲಿ ನಿಲ್ಲಿಸಿ ಇನ್ನೊಂದರಿಂದ ಮೆಲ್ಲಗೆ ತಟ್ಟತೊಡಗಿದರು. ಪ್ರತಿಯೊಂದೂ ಠಣ್ಣೆಂದು ಮಿಡಿದು, ಸಣ್ಣಗೆ ಎಳೆದುಕೊಂಡು ಹೋಗಿ ಆರುತ್ತಿತ್ತು. ಒಂದರ ಹತ್ತಿರ ಅವರ ಕೈ ನಿಂತಿತು. ಮತ್ತೆ ತಟ್ಟಿದರು. ನನಗೆ ಏನೂ ಬೇರೆ ಅನ್ನಿಸಲಿಲ್ಲ.

"ಇದು ಖೋಟಾ ಐತೆ," ಅಂದರು.

ತಾತ ದಡಕ್ಕನೆ ಎದ್ದರು. "ಇದಿ ಮಾ ಅಮ್ಮದಿ!" ಎಂದು ತೆಲುಗಿನಲ್ಲೇ ಕೂಗಿ, ಆಮೇಲೆ ನಮಗೆಲ್ಲ ತಿಳಿಯಲಿ ಎಂಬಂತೆ, "ನಮ್ಮವ್ವನ ಕೊಳ್ಳಾಗಿದ್ದ ರೂಪಾಯಿ ಇದು. ನಮ್ಮವ್ವ ಖೋಟಾ ಹಾಕ್ಕಂಡಿದ್ಲೇನಮ್ಮಾ?" ಅಂದರು.

ಒಳಗೆ ಬಾಗಿಲ ಮರೆಯಲ್ಲಿದ್ದ ನಾದಿನಿಯ ಮುಖ ಬಿಳಿಚಿಕೊಂಡಿತು. ನನ್ನ ಗಂಡ, "ಅವ್ವಾ, ಸುಮ್ಕಿರು," ಎಂದು ಹಲ್ಲು ಕಚ್ಚಿದ. ಅತ್ತೆ ಮಾತ್ರ, "ನಿಮ್ ಮೇಲೆ ಅನುಮಾನ ಇಲ್ರಿ. ಕಿವಿಗೆ ಕೇಳ್ಸಿದ್ದು ಹೇಳ್ದೆ. ಚಳ್ಳಕೆರೆ ಆಚಾರ್ರಿಗೆ ತೋರ್ಸಾನ, ನಡೀರಿ," ಅಂದರು.

ತಾತ, ಅತ್ತೆ, ಅತ್ತೆಯ ಕೈ ಹಿಡಿದುಕೊಳ್ಳಲು ನಾನು, ಮೂವರೂ ಬಸ್ಸು ಹತ್ತಿದೆವು. ತಾತ ನಮ್ಮಿಂದ ದೂರದ ಸೀಟು ನೋಡಿ ಕೂತರು.

ಅಕ್ಕಸಾಲಿಗ ಆಚಾರ್ರು ಆ ರೂಪಾಯಿಯನ್ನು ತಕ್ಕಡಿಯ ಒಂದು ಕಡೆ, ಒಳ್ಳೆಯದೊಂದನ್ನು ಇನ್ನೊಂದು ಕಡೆ ಇಟ್ಟರು. ಸಮ ತೂಗಿತು. ಒರೆಗಲ್ಲಿಗೆ ಉಜ್ಜಿ ಆಸಿಡ್ ಹನಿ ಬಿಟ್ಟರು. ಅಂಚಿನ ಗೀರುಗಳ ಮೇಲೆ ಉಗುರು ಆಡಿಸಿ, "ಅಚ್ಚಿನಾಗೆ ಎರಕ ಹೊಯ್ದ ಖೋಟಾಗೆ ಇಂಥ ಚೂಪು ಗೀರು ಬರಲ್ಲ. ಅಸಲಿ ಬೆಳ್ಳಿ," ಅಂದರು.

ತಾತ ನಿಟ್ಟುಸಿರು ಬಿಟ್ಟರು. ಅತ್ತೆಯ ಮುಖ ಸಣ್ಣದಾಯಿತು. ಆದರೂ ಕೇಳಿದರು: "ಹಂಗಾದ್ರೆ ದನಿ ಯಾಕೆ ಒಳಗೇ ಸಾಯ್ತೈತೆ?"

ಅಕ್ಕಸಾಲಿಗರು ತಾವೂ ತಟ್ಟಿ ನೋಡಿದರು. ಹುಬ್ಬು ಗಂಟಿಕ್ಕಿತು. ಭೂತಗನ್ನಡಿ ಹಿಡಿದು ಬಿಸಿಲಿಗೆ ತಿರುಗಿ ಕೂತರು. ಬಹಳ ಹೊತ್ತಾದ ಮೇಲೆ, "ಬಾರಮ್ಮ, ನೋಡಿಲ್ಲಿ," ಎಂದು ನನ್ನನ್ನು ಕರೆದರು. ರಾಜನ ತಲೆಯ ಮೇಲುಗಡೆ, ಅಂಚಿನಿಂದ ಒಳಕ್ಕೆ ಒಂದು ಸೀಳು. ಕೂದಲಿಗಿಂತ ತೆಳುವು. ಕನ್ನಡಿ ಸರಿಸಿದರೆ ಅದಿಲ್ಲ, ಹಿಡಿದರೆ ಇದೆ. ನನ್ನ ಎರಡು ಕಣ್ಣಿಗೂ ಕಾಣದ್ದು ಅತ್ತೆಗೆ ಕೇಳಿಸಿತ್ತು.

"ಕೊಳ್ಳಿಗೆ ಹಾಕ್ಕಳಾಕೆ ಕೊಂಡಿ ಬೆಸ್ದು, ಆಮ್ಯಾಕೆ ಯಾರೋ ಕಿತ್ತಿದಾರೆ. ಅಲ್ಲೇ ಸೀಳಿರಬೇಕು," ಅಂದರು ಅಕ್ಕಸಾಲಿಗರು.

"ನಮ್ಮವ್ವ ಸತ್ತಾಗ ಸರ ಬಿಡಿಸಿದ್ರು," ಎಂದ ತಾತ ಆ ರೂಪಾಯಿಯನ್ನು ತಮ್ಮ ಕಿವಿಯ ಹತ್ತಿರ ತಟ್ಟಿಕೊಂಡರು, ಮತ್ತೆ ತಟ್ಟಿಕೊಂಡರು. "ನಂಗೇನೂ ಗೊತ್ತಾಗಾಕಿಲ್ಲಮ್ಮ," ಎಂದು ಅತ್ತೆಯನ್ನೇ ನೋಡುತ್ತ ಕೂತರು. ಸಿಟ್ಟು ಎಲ್ಲಿ ಹೋಯಿತೋ.

ಅತ್ತೆ ಅವರ ದನಿ ಬಂದ ಕಡೆಗೆ ಕೈ ಮುಗಿದರು. "ತಪ್ಪಾತಣ್ಣ. ಖೋಟಾ ಅಂತ ನಿಮ್ಮವ್ವಗೆ ಒಂದು ಮಾತಂದ್ಬಿಟ್ಟೆ."

"ಬಿಡಮ್ಮ. ನಿನ್ನ ಮಗಳು ಈಗ ನಮ್ಮಾಕಿ."

ವಾಪಸು ಬರುವಾಗ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಕುರಿಗಳ ಮಾತಾಡಿದರು. ಮುಂದಿನ ತಿಂಗಳೇ ಮದುವೆಯಾಯಿತು.

ಸುದ್ದಿ ಗಡಿಯಾಚೆಗೂ ಹಬ್ಬಿ, ಅಲ್ಲಿನವರು ಹಳೆಯ ರೂಪಾಯಿಗಳನ್ನು ಸೆರಗಿಗೆ ಕಟ್ಟಿಕೊಂಡು ಹಟ್ಟಿಗೆ ಬರತೊಡಗಿದರು. ಅತ್ತೆ ತಟ್ಟಿ, ಕೇಳಿ, ದನಿ ಬೇರೆ ಎನಿಸಿದ್ದನ್ನು ಪಕ್ಕಕ್ಕಿಡುತ್ತಿದ್ದರು. ಖೋಟಾ ಎಂಬ ಮಾತನ್ನು ಮಾತ್ರ ಮತ್ತೆ ಬಾಯಿಗೆ ತರಲಿಲ್ಲ. "ಇದರ ದನಿ ಕೆಟ್ಟೈತೆ. ಯಾಕೆ ಅಂತ ಆಚಾರ್ರನ್ನ ಕೇಳ್ರಿ," ಎನ್ನುತ್ತಿದ್ದರು.