ಹುಷಾರಿದ್ದವರು ತಿನ್ನದ ಬನ್ನು

ಚಿಕ್ಕಮಾವನ ಬಲಗೈಯಲ್ಲಿ ಮೊಣಕೈವರೆಗೆ ಒಂದು ಕೂದಲೂ ಇರಲಿಲ್ಲ. ಬೆಂಗಳೂರಿನ ದಂಡುಪ್ರದೇಶದ ಬೇಕರಿಯೊಂದರಲ್ಲಿ ವರ್ಷಗಟ್ಟಲೆ ಭಟ್ಟಿಯೊಳಗೆ ಕೈ ಚಾಚಿ ಚಾಚಿ ಎಲ್ಲ ಸುಟ್ಟುಹೋಗಿತ್ತು. ಅವರು ನನ್ನ ಮಾವನವರ ತಮ್ಮ. ಹೆಂಡತಿ ತೀರಿಕೊಂಡ ಮೇಲೆ ಮುಳಬಾಗಿಲಿಗೆ ಬಂದು ನಮ್ಮ ಜೊತೆಯಲ್ಲೇ ಉಳಿದರು. ನಾನಾಗ ಹೊಸ ಸೊಸೆ.

ಬಂದ ತಿಂಗಳೊಳಗೇ ಹಿತ್ತಲಿಗೆ ಇಟ್ಟಿಗೆ ಬಂತು. ಮರಳನ್ನು ಗುಡ್ಡೆ ಮಾಡಿ, ನೀರು ಚಿಮುಕಿಸಿ ತಟ್ಟಿ, ಅದರ ಮೇಲೆ ಇಟ್ಟಿಗೆ ಕೂರಿಸಿ ಕೆಮ್ಮಣ್ಣು ಮೆತ್ತಿದರು. ಒಣಗಿದ ಮೇಲೆ ಮರಳನ್ನೆಲ್ಲ ಭಟ್ಟಿಯ ಬಾಯಿಂದ ಎಳೆದು ತೆಗೆದರೆ ಗುಮ್ಮಟ ತಾನೇ ನಿಂತಿತ್ತು.

"ಇದೇನ್ರೀ, ಹಿತ್ಲಲ್ಲಿ ಗೋರಿ ಕಟ್ಟಿದ್ದೀರಾ?" ಎಂದರು ಅತ್ತೆ.

"ನೋಡ್ತಾ ಇರಿ ಅತ್ತಿಗೆ. ಊರೆಲ್ಲಾ ಬೆಳಿಗ್ಗೆ ಎದ್ದು ಬನ್ ತಿಂತಾರೆ."

ಊರು ತಿನ್ನಲಿಲ್ಲ. ಆಗ ನಮ್ಮ ಕಡೆ ಬನ್ನು ಎಂದರೆ ಜ್ವರದವರಿಗೆ ಹಾಲಿನಲ್ಲಿ ಅದ್ದಿ ಕೊಡುವ ಪಥ್ಯ. ಮೈ ನೆಟ್ಟಗಿದ್ದವರಿಗೆ ಮುದ್ದೆ. ನಮ್ಮ ಬಾಗಿಲಲ್ಲಿ ಯಾರಾದರೂ ನಿಂತರೆ ಸಾಕು, ದಾರಿಹೋಕರು "ಯಾರಿಗಪ್ಪಾ ಹುಷಾರಿಲ್ಲ?" ಎಂದು ಕೇಳುತ್ತಿದ್ದರು. ಒಮ್ಮೆ ಚಿಕ್ಕಮಾವ ತಟ್ಟೆ ಹಿಡಿದು ಮನೆಮನೆಗೂ ಪುಕ್ಕಟೆ ಹಂಚಲು ಹೋದರು. "ನಮ್ಮನೇಲಿ ಎಲ್ಲಾ ಚೆನ್ನಾಗವ್ರೆ ಕಣಣ್ಣ, ಬ್ಯಾಡ" ಎಂದು ಎದುರು ಮನೆಯಾಕೆ ಕದ ಹಾಕಿಕೊಂಡಳಂತೆ. ಅವಳ ಹಾಗೇ ರಾಗ ಎಳೆದು ಹೇಳಿದರು. ನಾನು ನಕ್ಕೆ, ಅವರು ನಗಲಿಲ್ಲ. ನಮ್ಮ ಮನೆಯಲ್ಲೂ ಅತ್ತೆಯ ಕಟ್ಟಪ್ಪಣೆ ಅದೇ: ಹುಷಾರಿದ್ದವರು ಮುಟ್ಟಕೂಡದು.

"ಹಸಿವಾಗಿ ತಿನ್ನೋ ಒಬ್ಬರ ಮುಖ ನೋಡ್ಬೇಕಮ್ಮಾ. ಬರೋರೆಲ್ಲಾ ಅಳುಮೋರೆ ಹಾಕ್ಕೊಂಡೇ ಬರ್ತಾರೆ" ಎನ್ನುತ್ತಿದ್ದರು ಚಿಕ್ಕಮಾವ. ಊರಿಗೆ ಜ್ವರ ಬಿದ್ದಾಗ ವ್ಯಾಪಾರ ಜೋರು. ಅವರಿಗೆ ಬೇಜಾರೂ ಆಗಲೇ ಹೆಚ್ಚು.

ಯುದ್ಧ ಬಂತು. ಮೈದಾ ಸಿಗದಾಯಿತು. ರಾಗಿಹಿಟ್ಟಿನಲ್ಲಿ ಮಾಡಿ ನೋಡಿದರು, ಉಬ್ಬಲೇ ಇಲ್ಲ. ನಾಯಿ ಕೂಡ ಮೂಸಿ ಹೋಯಿತು. ಆರಿದ ಭಟ್ಟಿಯೊಳಗೆ ಅತ್ತೆ ಬೆರಣಿ ತುಂಬಿದರು. ಚಿಕ್ಕಮಾವ ತಾವೇ ನಾಲ್ಕು ಬೆರಣಿ ಎತ್ತಿಕೊಟ್ಟರು. ಜಗಳವಾದರೂ ಆಡಬಾರದಿತ್ತೇ ಎನ್ನಿಸಿತು ನನಗೆ.

ಕೊನೆಗೆ ಅವರೇ ಹಾಸಿಗೆ ಹಿಡಿದರು. ಹಾಲು, ಬನ್ನು ಬಿಟ್ಟು ಬೇರೇನೂ ಕೂಡದೆಂದರು ಡಾಕ್ಟರು. ನಮ್ಮ ಯಜಮಾನರು ಕೋಲಾರದಲ್ಲಿ ಯಾರ ಯಾರನ್ನೋ ಕಾಡಿ ಒಂದು ಬನ್ನು ತಂದರು. ನಾನು ಅದನ್ನು ಮುಂದಿಟ್ಟಾಗ ಚಿಕ್ಕಮಾವ ನನ್ನನ್ನೇ ನೋಡಿದರು.

"ನನಗೂ ತಂದ್ಯೇನಮ್ಮಾ?"

ನಾನು ಹಾಲಿನ ಲೋಟ ಹತ್ತಿರಕ್ಕೆ ಎಳೆದುಕೊಂಡೆ.

"ನಿಂಗೇನೂ ಕಾಯ್ಲೆ ಇಲ್ವಲ್ಲ. ನೀನು ತಿನ್ನು. ನಾನ್ ನೋಡ್ತೀನಿ."

"ಬ್ಯಾಡ ಕಣೇ, ಬಸುರಿ ನೀನು!" ಎಂದು ಬಾಗಿಲಲ್ಲಿದ್ದ ಅತ್ತೆ ಗದರಿದರು. ನಾನು ಮುರಿದು ಬಾಯಿಗೆ ಹಾಕಿಕೊಂಡೆ.

"ಹೆಂಗೈತೆ?"

"ಚೆನ್ನಾಗಿದೆ ಮಾವ."

"ಸುಳ್ಳು. ಒಣಗೋಗೈತೆ" ಎಂದು ಗೋಡೆಯ ಕಡೆ ತಿರುಗಿಕೊಂಡರು. ಆ ವಾರವೇ ಹೋಗಿಬಿಟ್ಟರು.

ಅಂದು ನಾನು ತಿಂದದ್ದು ಕೋಲಾರದ ಯಾರದೋ ಭಟ್ಟಿಯ ಬನ್ನು. ಚಿಕ್ಕಮಾವನ ಕೈಯ ಬನ್ನನ್ನು ನಾನೂ ಜ್ವರ ಬಂದಾಗ ಮಾತ್ರ ತಿಂದವಳು.