ಸಿನ್ಸ್ ಟೂ ಇಯರ್ಸ್

ಯಾರಾದರೂ ‘ಡಿಸ್ಕಸ್ ಅಬೌಟ್’ ಎಂದರೆ ನನಗೆ ಅನ್ನದಲ್ಲಿ ಕಲ್ಲು ಕಡಿದ ಹಾಗಾಗುತ್ತದೆ. ‘ರಿಟರ್ನ್ ಬ್ಯಾಕ್’, ‘ಒನ್ ಆಫ್ ಮೈ ಫ್ರೆಂಡ್’, ‘ಡಿಡ್ ನಾಟ್ ವೆಂಟ್’ ಕಿವಿಗೆ ಬಿದ್ದರೆ ಎದುರಿಗಿರುವವರು ಏನು ಹೇಳುತ್ತಿದ್ದರು ಎನ್ನುವುದೇ ಮರೆತುಹೋಗುತ್ತದೆ. ತಂಗಿಯನ್ನು ನೋಡಲು ಬಂದಿದ್ದ ಗಂಡಿನ ಕಡೆಯವರು ‘ಹುಡುಗನ ಹೈಟ್ತ್ ಐದಡಿ ಎಂಟಿಂಚು’ ಎಂದಾಗ ‘ಹೈಟ್ತ್ ಅಲ್ಲ, ಹೈಟ್’ ಎಂದುಬಿಟ್ಟಿದ್ದೆ. ಅಮ್ಮ ಅಡುಗೆಮನೆಗೆ ಕರೆದು ತೋಳು ಚಿವುಟಿದ್ದಳು. ಆಮೇಲೆ ಇಂಗ್ಲಿಷ್ ಟೀಚರಾದೆ. ಚಟಕ್ಕೆ ಸಂಬಳವೂ ಸಿಕ್ಕಿದಂತಾಯಿತು.

ಕೆಲವು ವರ್ಷಗಳ ಹಿಂದೆ ನಾನು ಶಿವಮೊಗ್ಗದ ವಿನೋಬನಗರದ ಒಂದು ಖಾಸಗಿ ಶಾಲೆಯಲ್ಲಿದ್ದೆ. ಮನೆ ಭದ್ರಾವತಿ. ದಿನಾ ಬಸ್ಸು. ಅದೇ ಬಸ್ಸಿಗೆ ನಮ್ಮ ಶಾಲೆಯ ಗಣಿತದ ಟೀಚರೂ ಹತ್ತುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದವರು, ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ. ನಾನು ಅಕ್ಕ ಎನ್ನುತ್ತಿದ್ದೆ. ಹತ್ತನೇ ತರಗತಿಯ ದಡ್ಡ ಹುಡುಗರೂ ಅವರ ಕೈಯಲ್ಲಿ ಪಾಸಾಗುತ್ತಿದ್ದರು. ಆದರೆ ಇಂಗ್ಲಿಷ್ ಮಾತ್ರ ಹಿಡಿತಕ್ಕೆ ಬಂದಿರಲಿಲ್ಲ. ‘ಝೀರೋ’ ಅವರ ಬಾಯಲ್ಲಿ ‘ಸೀರೋ’.

ಒಂದು ದಿನ ಅವರೇ ಕೇಳಿದರು. “ಬಸ್ಸಲ್ಲಿ ನನ್ನ ಜೊತೆ ಇಂಗ್ಲಿಷಲ್ಲೇ ಮಾತಾಡು ಮಾರಾಯ್ತಿ. ತಪ್ಪಿದ್ರೆ ತಿದ್ದು. ಸ್ಟಾಫ್ ರೂಮಲ್ಲಾದ್ರೆ ನಗ್ತಾರೆ. ಇಲ್ಲಿ ಯಾರಿದ್ದಾರೆ ಕೇಳಕ್ಕೆ.”

ಹಾಗೆ ಶುರುವಾಯಿತು. ಅರ್ಧ ದಾರಿಯ ಮಾಚೇನಹಳ್ಳಿ ದಾಟುವವರೆಗೆ ಇಂಗ್ಲಿಷ್, ಆಮೇಲೆ ಅವರಿಗೆ ಸುಸ್ತಾಗಿ ಕನ್ನಡ.

ಅದೇ ವರ್ಷ ಹೊಸ ಪ್ರಿನ್ಸಿಪಾಲ್ ಬಂದರು. ಯಾರೋ ಪೋಷಕರು ಟೀಚರುಗಳ ಇಂಗ್ಲಿಷಿನ ಬಗ್ಗೆ ದೂರು ಕೊಟ್ಟಿದ್ದರಂತೆ. ಮ್ಯಾಡಮ್ ನನ್ನೊಬ್ಬಳನ್ನೇ ಕೋಣೆಗೆ ಕರೆದು ಬಾಗಿಲು ಹಾಕಿಸಿದರು.

“ನಿಮ್ಮ ಕಿವಿ ಚೆನ್ನಾಗಿದೆ ಅಂತ ಕೇಳಿದ್ದೀನಿ. ಎರಡು ವಾರ ಒಂದು ನೋಟ್‌ಬುಕ್ ಇಟ್ಕೊಳ್ಳಿ. ಯಾರು ಏನು ತಪ್ಪು ಮಾತಾಡ್ತಾರೋ ಬರೀರಿ. ಟ್ರೈನಿಂಗ್ ಮಾಡ್ಸೋಣ. ಯಾರಿಗೂ ಹೇಳೋದು ಬೇಡ.”

ನಾನು ಬೇಡ ಎನ್ನಲಿಲ್ಲ. ನಿಜ ಹೇಳಬೇಕೆಂದರೆ ಖುಷಿಯೇ ಆಯಿತು. ಅಷ್ಟು ವರ್ಷ ನುಂಗಿಕೊಂಡಿದ್ದನ್ನೆಲ್ಲ ಕಕ್ಕಲು ಒಂದು ಜಾಗ ಸಿಕ್ಕಿತ್ತು. ಸಮಾಜ ವಿಜ್ಞಾನದವರ ‘ಪ್ರೊನೌನ್ಸಿಯೇಷನ್’, ಡ್ರಿಲ್ ಮಾಸ್ತರರ ‘ಬ್ಯಾಕ್‌ಸೈಡ್‌ನಲ್ಲಿ ನಿಂತ್ಕೊ’, ಎಲ್ಲ ಬರೆದೆ. ಪ್ರಿನ್ಸಿಪಾಲ್ ಕೂಡ ದಿನಕ್ಕೆ ನಾಲ್ಕು ಸಲ ‘ರಿವರ್ಟ್ ಬ್ಯಾಕ್’ ಎನ್ನುತ್ತಿದ್ದರು. ಅದನ್ನು ಬರೆಯಲಿಲ್ಲ.

ಎರಡನೇ ವಾರದ ಹೊತ್ತಿಗೆ ಹೊಸ ತಪ್ಪುಗಳು ಸಿಗುವುದು ಕಡಿಮೆಯಾಯಿತು. ಒಂದು ಸಂಜೆ ಬಸ್ಸಿನಲ್ಲಿ ಅಕ್ಕ ಕಿಟಕಿಯಾಚೆ ನೋಡುತ್ತ, ಪದ ಹುಡುಕಿ ಹುಡುಕಿ ಹೇಳಿದರು: “ಮೈ ಹಸ್ಬೆಂಡ್ ಈಸ್ ನಾಟ್ ಗೋಯಿಂಗ್ ಟು ವರ್ಕ್ ಸಿನ್ಸ್ ಟೂ ಇಯರ್ಸ್.”

ಅವರ ಯಜಮಾನರು ಕಾಂಟ್ರಾಕ್ಟರ್ ಹತ್ತಿರ ಸೂಪರ್‌ವೈಸರ್ ಎಂದೇ ಶಾಲೆಯವರೆಲ್ಲ ತಿಳಿದಿದ್ದರು. ಕನ್ನಡದಲ್ಲಿ ಹೇಳಲಾರದ್ದನ್ನು ಅವರು ಇಂಗ್ಲಿಷಿನಲ್ಲಿ ಹೇಳಿದ್ದರು. ನಾನು ಹೇಳಿದ್ದೇನು? “ಸಿನ್ಸ್ ಅಲ್ಲಕ್ಕಾ, ಫಾರ್ ಟೂ ಇಯರ್ಸ್. ಹ್ಯಾಸ್ ನಾಟ್ ಬೀನ್ ಗೋಯಿಂಗ್ ಅನ್ಬೇಕು.” ಅವರು ಸರಿಯಾಗಿ ಇನ್ನೊಮ್ಮೆ ಹೇಳಿದರು. ಮನೆಗೆ ಹೋಗಿ ಆ ವಾಕ್ಯವನ್ನೂ ಬರೆದೆ. ಉದಾಹರಣೆಗೆ ಅದಕ್ಕಿಂತ ಒಳ್ಳೆಯ ವಾಕ್ಯ ಸಿಗುವುದಿಲ್ಲ ಎಂದುಕೊಂಡಿದ್ದೂ ನೆನಪಿದೆ.

ನೋಟ್‌ಬುಕ್ಕನ್ನು ಪ್ರಿನ್ಸಿಪಾಲರಿಗೆ ಕೊಟ್ಟ ಮರುದಿನ ಸ್ಟಾಫ್ ಮೀಟಿಂಗ್. ಮ್ಯಾಡಮ್ ನನ್ನ ನೋಟ್‌ಬುಕ್ಕನ್ನು ಫೈಲಿನೊಳಗಿಟ್ಟುಕೊಂಡು ಬಂದಿದ್ದರು. “ಹೆಸರು ಹೇಳಲ್ಲ, ತಪ್ಪು ಮಾತ್ರ ಓದ್ತೀನಿ,” ಎಂದು ಶುರುಮಾಡಿದರು. ಮೊದಲೆರಡಕ್ಕೆ ಎಲ್ಲರೂ ನಕ್ಕರು. ಡ್ರಿಲ್ ಮಾಸ್ತರರು ತಾವೇ ಕೈಯೆತ್ತಿ “ಅದು ನಂದು” ಎಂದಾಗ ಇನ್ನೂ ನಗು. ನಾನು ಪುಟಗಳನ್ನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಅಕ್ಕನ ಆ ವಾಕ್ಯ ಕೊನೆಯ ಪುಟದಲ್ಲಿತ್ತು. ಅಷ್ಟರೊಳಗೆ ಬೆಲ್ ಆಗಲಿ ಎಂದು ಗೋಡೆ ಗಡಿಯಾರ ನೋಡಿದೆ. ಇನ್ನೂ ಹನ್ನೊಂದು ನಿಮಿಷವಿತ್ತು.

“ಮೈ ಹಸ್ಬೆಂಡ್ ಈಸ್ ನಾಟ್ ಗೋಯಿಂಗ್ ಟು ವರ್ಕ್ ಸಿನ್ಸ್ ಟೂ ಇಯರ್ಸ್,” ಮ್ಯಾಡಮ್ ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಓದಿದರು.

“ಯಾರ ಯಜಮಾನ್ರಪ್ಪಾ ಅದು,” ಹಿಂದಿನಿಂದ ಯಾರೋ ಅಂದರು. ನಗು ಬರಲಿಲ್ಲ. ಮದುವೆಯಾದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಕ್ಕ ಯಾರನ್ನೂ ನೋಡಲಿಲ್ಲ. ಹಾಜರಿ ಪುಸ್ತಕದಲ್ಲಿ ಏನನ್ನೋ ಬರೆಯುತ್ತಿದ್ದವರು ಬರೆಯುತ್ತಲೇ ಇದ್ದರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ ತಲೆಯೆತ್ತಿ ನೇರ ನನ್ನನ್ನೇ ನೋಡಿದರು. ಎಲ್ಲರೂ ಅವರ ನೋಟ ಹೋದ ಕಡೆ ನೋಡಿ, ತಿರುಗಿ ಅವರನ್ನು ನೋಡಿದರು. ಅಷ್ಟರಲ್ಲಿ ಇಡೀ ಕೋಣೆಗೆ ಗೊತ್ತಾಗಿತ್ತು.

ಸಂಜೆ ಅವರು ಬೇರೆ ಬಸ್ಸಿಗೆ ಹೋಗಿರುತ್ತಾರೆ ಎಂದುಕೊಂಡಿದ್ದೆ. ಇಲ್ಲ, ಎಂದಿನ ಸೀಟಿನಲ್ಲೇ ಕೂತು ಪಕ್ಕದಲ್ಲಿ ಜಾಗ ಬಿಟ್ಟಿದ್ದರು. ನಿಂತೇ ಹೋಗೋಣವೆಂದರೆ ಕಂಡಕ್ಟರ್ “ಕೂತ್ಕೊಳ್ರಿ ಮೇಡಂ, ದಾರಿ ಬಿಡಿ” ಎಂದ. ಕೂತೆ.

“ಪುಸ್ತಕ ವಾಪಸ್ ಕೊಟ್ರಾ ಮ್ಯಾಡಮ್?”

“ಕೊಟ್ರು.”

“ತೆಗಿ.”

ಬ್ಯಾಗಿನಿಂದ ತೆಗೆದುಕೊಟ್ಟೆ. ಮೊದಲ ಪುಟದಿಂದ ಓದತೊಡಗಿದರು. ತಮ್ಮ ಹೆಸರಿದ್ದಲ್ಲೆಲ್ಲ ಬೆರಳಿಟ್ಟು ಕೇಳಿದರು. “ಇದರಲ್ಲಿ ಏನ್ ತಪ್ಪು?”

“ಅಕ್ಕಾ, ಬೇಡ.”

“ಹೇಳು. ಬರೆಯೋವಾಗ ಗೊತ್ತಿತ್ತಲ್ಲ.”

ಹೇಳಿದೆ. ‘ಐ ಆಮ್ ಹ್ಯಾವಿಂಗ್ ತ್ರೀ ಸಿಸ್ಟರ್ಸ್’ ಅನ್ನಬಾರದು, ‘ಐ ಹ್ಯಾವ್’ ಅನ್ನಬೇಕು. ಮುಂದಿನ ಸೀಟಿನವರು ತಿರುಗಿ ನೋಡಿದರು. ಅಕ್ಕ ತಲೆಯಾಡಿಸಿ ಮುಂದಿನದಕ್ಕೆ ಬೆರಳಿಟ್ಟರು. ನಿದಿಗೆ ಕಳೆಯಿತು, ಮಾಚೇನಹಳ್ಳಿ ಕಳೆಯಿತು. ಒಂದನ್ನೂ ಬಿಡಲಿಲ್ಲ. ಕೊನೆಯ ಪುಟಕ್ಕೆ ಬಂದಾಗ ಬೆರಳು ಅಲ್ಲೇ ನಿಂತಿತು.

“ಇದು ಗೊತ್ತು ನಂಗೆ. ಅವತ್ತೇ ನೀನು ಹೇಳ್ಕೊಟ್ಟಿದ್ದೆ,” ಎಂದರು. ಪುಸ್ತಕ ಮುಚ್ಚಿ, “ಮನೇಲಿ ಅವ್ರಿಗೆ ಏನಂತ ಹೇಳ್ಲಿ? ಶಾಲೇಲಿ ಯಾರಿಗೂ ಹೇಳಲ್ಲ ಅಂತ ನಾನು ಮಾತು ಕೊಟ್ಟಿದ್ದೆ.”

ತಪ್ಪಾಯ್ತಕ್ಕಾ ಎಂದೆ. ಅವರು ನೋಟ್‌ಬುಕ್ಕನ್ನು ನನ್ನ ಮಡಿಲಲ್ಲಿಟ್ಟು, ಸ್ಟಾಪ್ ಬರುವ ಮೊದಲೇ ಎದ್ದು ಬಾಗಿಲ ಬಳಿ ನಿಂತರು.

ಮರುದಿನ ಪ್ರಾರ್ಥನೆಗೂ ಮುಂಚೆ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಆ ವಾಕ್ಯ ನನ್ನನ್ನು ನಂಬಿ ಹೇಳಿದ್ದು, ನಾನದನ್ನು ಬರೆಯಬಾರದಿತ್ತು, ನೀವು ಓದಬಾರದಿತ್ತು ಎಂದೆ. ಅವರು ಶಾಂತವಾಗಿಯೇ ಕೇಳಿಸಿಕೊಂಡರು. “ಗ್ರಾಮರ್‌ಗೆ ಓದಿದ್ದು, ಪರ್ಸನಲ್ ಏನಿಲ್ಲ,” ಎಂದರು. ನೋಟ್‌ಬುಕ್ ನೋಡಿದ ಮೇಲೆ, ಹತ್ತನೇ ತರಗತಿಯ ಗಣಿತವನ್ನು ಹೊಸಬರಿಗೆ ಕೊಡುವುದೆಂದು ಆಗಲೇ ತೀರ್ಮಾನವಾಗಿತ್ತು. ಅಕ್ಕನಿಗೆ ಐದು, ಆರನೇ ತರಗತಿ. ನೋಟ್‌ಬುಕ್ ಸುಳ್ಳೆಂದು ಬರೆದುಕೊಡಲೇ ಎಂದು ಕೇಳಿದೆ. “ಸುಳ್ಳಾ?” ಎಂದರು. ಅಲ್ಲ ಎನ್ನಬೇಕಾಯಿತು.

ಆಮೇಲೆ ಅಕ್ಕ ಬಸ್ಸಿನಲ್ಲಿ ಮುಂದಿನ ಹೆಂಗಸರ ಸೀಟಿನಲ್ಲಿ ಕೂರತೊಡಗಿದರು. ನೋಡಿದರೆ ತಲೆಯಾಡಿಸುತ್ತಿದ್ದರು, ಅಷ್ಟೇ. ಸ್ಟಾಫ್ ರೂಮಿನಲ್ಲಿ ನಾನು ಒಳಗೆ ಬಂದೊಡನೆ ಎಲ್ಲರೂ ಕನ್ನಡಕ್ಕೆ ಹೊರಳುತ್ತಿದ್ದರು. ಒಮ್ಮೆ ಚಹಾ ಕುಡಿಯುತ್ತ ಡ್ರಿಲ್ ಮಾಸ್ತರರು, “ಬರ್ಕೊಳ್ಳಿ ಮೇಡಂ, ಟೀ ಈಸ್ ವೆರಿ ಹಾಟು,” ಎಂದರು. ನಗುತ್ತಲೇ ಅಂದಿದ್ದು. ನಾನು ಲೋಟ ಅರ್ಧಕ್ಕೇ ಇಟ್ಟು ತರಗತಿಗೆ ಹೋದೆ.

ವರ್ಷ ಮುಗಿದ ಮೇಲೆ ಅಕ್ಕ ಭದ್ರಾವತಿಯದೇ ಒಂದು ಕನ್ನಡ ಮಾಧ್ಯಮದ ಶಾಲೆಗೆ ಸೇರಿದರು. ಅಲ್ಲಿ ಹತ್ತನೇ ತರಗತಿಯನ್ನೇ ಕೊಟ್ಟಿದ್ದಾರೆಂದು ಬೇರೆಯವರಿಂದ ಗೊತ್ತಾಯಿತು. ಹೋದ ವರ್ಷ ತರಕಾರಿ ಮಾರ್ಕೆಟ್ಟಿನಲ್ಲಿ ಎದುರಾದರು, ಜೊತೆಗೆ ಯಜಮಾನರೂ ಇದ್ದರು. “ಇವ್ಳು ನಮ್ಮ ಹಳೇ ಶಾಲೇಲಿ ಇಂಗ್ಲಿಷ್ ಟೀಚರ್,” ಎಂದು ಪರಿಚಯಿಸಿದರು. ಯಜಮಾನರು ಕೈಚೀಲವನ್ನು ಎಡಗೈಗೆ ಬದಲಿಸಿಕೊಂಡು ನಮಸ್ಕಾರ ಮಾಡಿದರು. ನನ್ನ ಬಗ್ಗೆ ಅವರಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎನ್ನುವುದು ಮುಖದಲ್ಲಿ ತಿಳಿಯಲಿಲ್ಲ. ಅಕ್ಕ ಹೇಳಿರಲಿಕ್ಕಿಲ್ಲ. ಬೀನ್ಸ್ ಇನ್ನೊಂದು ಅಂಗಡಿಯಲ್ಲಿ ಚೆನ್ನಾಗಿದೆ ಎಂದು ಅಕ್ಕ ನನಗೆ ತೋರಿಸಿ, ಮುಂದೆ ನಡೆದರು.